ಮೀಸೆಗೆ ಮೂರು ಅಂಕ

ಹಣ್ಣಿನ ಮರಗಳ ಸಂಶೋಧಕರು ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಬಾಗಿಲ ಬಳಿ ಹೆಂಡತಿಯ ಎದುರು ನಿಂತು, “ಹೇಗಿದ್ದೀನಿ?” ಎಂದು ಕೇಳುತ್ತಿದ್ದರು. ಆಕೆ ಕೈಯಲ್ಲಿ ಪಾತ್ರೆಯಿರಲಿ ಪೊರಕೆಯಿರಲಿ, “ಚೆನ್ನಾಗಿದ್ದೀರಿ” ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಈ ಪ್ರಶ್ನೋತ್ತರ ಒಂದು ದಿನವೂ ತಪ್ಪಿರಲಿಲ್ಲ. ಜ್ವರ ಬಂದು ರಜೆ ಹಾಕಿದ ದಿನವೂ ಸಂಶೋಧಕರು ಕಂಬಳಿ ಹೊದ್ದು ಬಾಗಿಲವರೆಗೆ ಬಂದು, ಕೇಳಿ, ಉತ್ತರ ಪಡೆದು, ಹೋಗಿ ಮಲಗಿದ್ದರು.

ಅವರ ಬದುಕಿನಲ್ಲಿ ಹೆಮ್ಮೆಪಡುವ ವಸ್ತುಗಳು ಎರಡೇ. ಒಂದು, ಮೀಸೆ. ಇನ್ನೊಂದು, ಸಂಶೋಧನಾ ಕೇಂದ್ರದ ತೋಟದಲ್ಲಿ ಹನ್ನೊಂದು ವರ್ಷದಿಂದ ಬೆಳೆಸಿದ ಹನ್ನೆರಡು ಚೀನೀ ಕ್ವಿನ್ಸ್ ಮರಗಳ ಸಾಲು. ಚೀನೀ ಕ್ವಿನ್ಸ್ ಅಂದರೆ ಸೇಬಿಗೂ ಪಿಯರ್ ಹಣ್ಣಿಗೂ ದಾಯಾದಿ. ಹಳದಿ ಬಣ್ಣ, ಘಮಘಮ ಪರಿಮಳ. ಆದರೆ ಹಸಿಯಾಗಿ ಕಚ್ಚಿದರೆ ಹಣ್ಣು ಹಾಗೇ ಇರುತ್ತದೆ, ಹಲ್ಲಿನ ವಿಷಯ ಹೇಳಲಾಗುವುದಿಲ್ಲ.

“ತಿನ್ನೋಕಾಗದ ಹಣ್ಣಿಗೆ ಇಷ್ಟು ಜಾಗ ಯಾಕ್ರೀ?” ಎಂದು ಕೇಂದ್ರದ ಮುಖ್ಯಸ್ಥರು ಕೇಳಿದ್ದರು. “ಹನ್ನೆರಡರಲ್ಲಿ ಯಾವುದರ ಪರಿಮಳ ಹೆಚ್ಚು ಅಂತ ಈ ತಿಂಗಳೊಳಗೆ ತೋರಿಸಿ. ಒಳ್ಳೇ ಮರದ ಕಸಿಯನ್ನ ಉಳಿದವಕ್ಕೆ ಕಟ್ಟೋಣ. ತೋರಿಸೋಕೆ ಆಗಲ್ಲ ಅಂದ್ರೆ ಸಾಲು ಪೂರ್ತಿ ಕಡಿಸಿ ಸೇಬು ಹಾಕಿಸ್ತೀನಿ.”

ಪರಿಮಳ ಅಳೆಯುವ ಯಂತ್ರ ಕೆಟ್ಟು ಕೂತಿತ್ತು. ಇನ್ನುಳಿದದ್ದು ಮೂಗು. ಕೇಂದ್ರದ ಮೂಗುಗಳಲ್ಲಿ ಒಂದು ನಶ್ಯದ್ದು, ಒಂದು ನೆಗಡಿಯದ್ದು. ಸಂಶೋಧಕರದ್ದು ಮೀಸೆಗೆ ಹಚ್ಚುವ ಎಣ್ಣೆಯ ವಾಸನೆ ಬಿಟ್ಟು ಬೇರೇನೂ ಅರಿಯದ್ದು. ಪಕ್ಕದ ಮನೆಯ ಹಾಲು ಉಕ್ಕುವ ಮೊದಲೇ ಕೂಗಿ ಎಚ್ಚರಿಸುವ ಮೂಗು ಇದ್ದದ್ದು ಅವರ ಹೆಂಡತಿಗೆ.

ಹೀಗೆ ಒಂದೊಂದು ಮರದ ಹಣ್ಣು ತುಂಬಿದ ಹನ್ನೆರಡು ಬಟ್ಟಲುಗಳು ಮನೆಗೆ ಬಂದವು. ಪ್ರತಿಯೊಂದಕ್ಕೂ ಒಂದು ಅಕ್ಷರದ ಚೀಟಿ, ಮೇಲೊಂದು ಬಿಳಿ ಬಟ್ಟೆ. ಆಕೆ ಮೂಸಿ, ಒಂದರಿಂದ ಒಂಬತ್ತರವರೆಗೆ ಅಂಕ ಕೊಡಬೇಕು.

ಮೂರು ವಾರ ಆಕೆ ಮೂಸಿದಳು. ಮೂರು ವಾರವೂ ಹನ್ನೆರಡು ಬಟ್ಟಲಿಗೂ ಒಂಬತ್ತು.

“ಇವಳೇ, ಒಂದಕ್ಕಾದರೂ ಎಂಟು ಕೊಡಬಾರದಾ?”

“ದೇವರು ಮಾಡಿದ ಹಣ್ಣಿಗೆ ಅಂಕ ಕಮ್ಮಿ ಮಾಡೋಕೆ ನಾನ್ಯಾರು ರೀ?” ಎಂದಳು ಆಕೆ. ಯಾರ ಬಗ್ಗೆಯೂ ಕೆಟ್ಟ ಮಾತು ಆಡಬಾರದು ಎಂಬುದು ಆಕೆಯ ವ್ರತ. ಹಿಟ್ಟಿನಲ್ಲಿ ಹುಳ ಕಂಡರೂ, “ಪಾಪ, ಅದಕ್ಕೂ ಹಸಿವು” ಎನ್ನುವವಳು.

ಸಂಶೋಧಕರು ಪರೀಕ್ಷೆಯ ಕಾಲದಲ್ಲಿ ಬಿಟ್ಟರೆ ದೇವರಿಗೆ ತೊಂದರೆ ಕೊಟ್ಟವರಲ್ಲ. ಅಂದು ಮಾತ್ರ ಮುಕ್ಕಾಲು ಗಂಟೆ ದೇವರ ಪರವಾಗಿ ಮಾತಾಡಿದರು. ಸತ್ಯವೇ ದೇವರು, ದಾಕ್ಷಿಣ್ಯಕ್ಕೆ ಆಡಿದ ಸುಳ್ಳೂ ಸುಳ್ಳೇ, ಮರಗಳ ಪ್ರಾಣ ಆಕೆಯ ಮೂಗಿನ ತುದಿಯಲ್ಲಿದೆ, ಇತ್ಯಾದಿ. ಆಕೆ ಕಡೆಯವರೆಗೂ ತಾಳ್ಮೆಯಿಂದ ಕೇಳಿದಳು. ಒಂದು ದಿನ ಯೋಚಿಸಿದಳು. ಪ್ರಾರ್ಥನೆ ಮಾಡಿದಳು. ಬಂದು ಮೊದಲ ಬಟ್ಟಲು ಮೂಸಿದಳು.

“ನಾಲ್ಕು. ಒದ್ದೆ ಕೊಡೆ ಮಡಿಸಿಟ್ಟ ವಾಸನೆ.” ಎರಡನೆಯದು, “ಆರು.” ಏಳನೆಯದು, “ಒಂಬತ್ತು. ಇದು ನಿಜವಾದ ಒಂಬತ್ತು.”

ಸಂಶೋಧಕರಿಗೆ ಹೋದ ಜೀವ ಬಂದಂತಾಯಿತು. ಚೀಟಿ ಬದಲಿಸಿ, ಬಟ್ಟಲು ಹಿಂದುಮುಂದು ಮಾಡಿಟ್ಟು ನೋಡಿದರು. ಅಂಕ ಒಂದಿಷ್ಟೂ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಹುರುಪಿನಿಂದ ಬಾಗಿಲ ಬಳಿ ನಿಂತರು. “ಹೇಗಿದ್ದೀನಿ?”

ಆಕೆ ಪಾತ್ರೆ ಕೆಳಗಿಟ್ಟಳು. ಬಟ್ಟಲಿನ ಬಟ್ಟೆ ಸರಿಸಿ ನೋಡುವಾಗಿನ ಮುಖ ಮಾಡಿ ನೋಡಿದಳು.

“ಅಂಗಿ ಏಳು. ಪ್ಯಾಂಟು ಆರು. ಮೀಸೆ ಮೂರು. ಒಟ್ಟಾರೆ ಐದು ಚಿಲ್ಲರೆ.”

“ಹತ್ತೊಂಬತ್ತು ವರ್ಷದಿಂದ ಚೆನ್ನಾಗಿದ್ದೀರಿ ಅಂತಿದ್ದೆಯಲ್ಲೇ!”

“ದಾಕ್ಷಿಣ್ಯಕ್ಕೆ ಆಡಿದ್ದೂ ಸುಳ್ಳೇ ಅಂತ ಆಗ ನೀವು ಹೇಳಿರಲಿಲ್ಲವಲ್ಲ.”

ಸಂಶೋಧಕರು ನ್ಯಾಯಕ್ಕಾಗಿ ತಾಯಿಯ ಕಡೆ ತಿರುಗಿದರು. ಕುರ್ಚಿಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ ತಾಯಿ ತಲೆ ಎತ್ತಲಿಲ್ಲ. “ಮೂರು ಜಾಸ್ತಿಯಾಯ್ತು ಕಣಮ್ಮ,” ಎಂದು ಸೊಸೆಗೆ ಹೇಳಿದರು. “ನಾನಾಗಿದ್ರೆ ಎರಡು ಕೊಡ್ತಿದ್ದೆ.”

ಬೀದೀಲಿ ಹೋಗುವ ಮಾರಿಯನ್ನು ಮನೆಗೆ ಕರೆದದ್ದು ತಾನೇ ಎಂದು ಸಂಶೋಧಕರಿಗೆ ಗೊತ್ತಾಯಿತು. ಅದೇ ವಾರದಲ್ಲಿ ಅವರ ಸ್ನಾನದ ಮನೆಯ ಹಾಡಿಗೆ ಎರಡು, ಅವರು ಗೋಡೆಗೆ ಹೊಡೆದ ಮೊಳೆಗೆ ಒಂದು ಬಂತು. ಯಾವುದೂ ಕೋಪದಿಂದ ಬಂದದ್ದಲ್ಲ, ಅದೇ ಕಷ್ಟ.

ತಿಂಗಳ ಕೊನೆಗೆ ಮುಖ್ಯಸ್ಥರು ಮೂಗನ್ನು ಪರೀಕ್ಷಿಸಲು ಖುದ್ದಾಗಿ ಮನೆಗೆ ಬಂದರು. ತಾವೇ ಬಟ್ಟಲು ಜೋಡಿಸಿ, ಪಕ್ಕದಲ್ಲೇ ಬಗ್ಗಿ ನಿಂತರು. ಆಕೆ ಎರಡು ಬಟ್ಟಲು ಮೂಸಿ ನಿಲ್ಲಿಸಿದಳು.

“ಸಾರ್, ಸ್ವಲ್ಪ ದೂರ ನಿಂತ್ಕೋತೀರಾ? ನಿಮ್ಮ ಸೆಂಟು ಅಡ್ಡ ಬರ್ತಿದೆ.”

“ಓಹೋ, ಅದಕ್ಕೆಷ್ಟು ಅಂಕ ಕೊಡ್ತೀರಮ್ಮ?” ಎಂದರು ಮುಖ್ಯಸ್ಥರು, ನಗುತ್ತಾ.

ಸಂಶೋಧಕರು ಹೆಂಡತಿಯ ಕಡೆ ಕಣ್ಣಲ್ಲೇ ಕೈಮುಗಿದರು. ಹನ್ನೆರಡು ಮರಗಳೂ ಒಟ್ಟಿಗೆ ಉರುಳುವ ಸದ್ದು ಅವರ ಕಿವಿಗೆ ಕೇಳಿಸಿತು.

“ಎರಡು ಸಾರ್.”

ಮುಖ್ಯಸ್ಥರು ನಗು ನಿಲ್ಲಿಸಿದರು. ಕಿಟಕಿಯವರೆಗೆ ನಡೆದು ಹೊರಗೆ ನೋಡಿದರು. ತಮ್ಮ ತೋಳನ್ನು ತಾವೇ ಮೂಸಿಕೊಂಡರು. ಆಮೇಲೆ ಮೆಲ್ಲಗೆ, “ನಮ್ಮ ಮನೆಯಾಕೆ ಪ್ರೀತಿಯಿಂದ ತಂದುಕೊಟ್ಟದ್ದು. ನನಗೂ ಎರಡೇ ಅನಿಸಿತ್ತು. ನಾಲ್ಕು ವರ್ಷದಿಂದ ಹೇಳೋ ಧೈರ್ಯ ಬರಲಿಲ್ಲ,” ಎಂದರು. ಕಿಟಕಿಯ ಬಳಿಯೇ ನಿಂತು ಉಳಿದ ಹತ್ತು ಬಟ್ಟಲುಗಳ ಅಂಕವನ್ನೂ ಬರೆದುಕೊಂಡು, ಸಂಶೋಧಕರು ಬರೆದಿಟ್ಟಿದ್ದ ಪಟ್ಟಿಗೆ ಹೋಲಿಸಿ ಸಹಿ ಹಾಕಿದರು. “ಈ ಮೂಗನ್ನ ನಂಬಬಹುದು. ಮರಗಳು ಇರಲಿ.”

ಸಂಶೋಧಕರ ಸಂತೋಷಕ್ಕೆ ಪಾರವಿರಲಿಲ್ಲ. ಆ ಉತ್ಸಾಹದಲ್ಲೇ ಮರುದಿನ ಬೆಳಿಗ್ಗೆ ಒಂದು ಲೆಕ್ಕಾಚಾರ ಮಾಡಿದರು. ಸರಾಸರಿಯನ್ನು ಕೆಳಗೆಳೆಯುತ್ತಿದ್ದದ್ದು ಮೀಸೆ. ಅದನ್ನು ತೆಗೆದರೆ ಉಳಿಯುವುದು ಏಳು, ಆರು. ವೈಜ್ಞಾನಿಕವಾಗಿ ಇದರಲ್ಲಿ ತಪ್ಪಿರಲಿಲ್ಲ. ತೆಗೆದರು.

ಆದರೆ ಮೀಸೆಯ ಕೆಳಗೆ ಒಂದು ಮೇಲ್ದುಟಿ ಇದ್ದದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕನ್ನಡಿಗೆ ಅದು ಮೊದಲ ಸಲ ಕಂಡಿತು. ತಾಯಿಗೂ ಕಂಡಿತು. ಅವರ ಕೈಯಿಂದ ಸೂಜಿ ಜಾರಿತು, ಬಾಯಿಂದ ಅಂಕವೇ ಹೊರಡಲಿಲ್ಲ.

ಸಂಶೋಧಕರು ಬಾಗಿಲ ಬಳಿ ಬಂದರು. ನಿಂತರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಏನನ್ನೂ ಕೇಳಲಿಲ್ಲ.

ಆಕೆ ನೋಡಿದಳು. ಬಹಳ ಹೊತ್ತು ನೋಡಿದಳು. ಮುಖದಲ್ಲಿ ಕರುಣೆ ತುಂಬಿ ಬಂತು.

“ರೀ, ಇದೊಂದು ದಿನ ಹಳೇ ಥರಾನೇ ‘ಚೆನ್ನಾಗಿದ್ದೀರಿ’ ಅಂದುಬಿಡ್ಲಾ? ದೇವರ ಹತ್ರ ನಾನು ಕ್ಷಮೆ ಕೇಳ್ಕೋತೀನಿ.”

“ಬೇಡ,” ಎಂದರು ಸಂಶೋಧಕರು. “ನನ್ನಿಂದ ನಿನಗ್ಯಾಕೆ ಆ ಪಾಪ?” ಎನ್ನುತ್ತಾ ಕರವಸ್ತ್ರವನ್ನು ತುಟಿಗೆ ಒತ್ತಿ ಹಿಡಿದು ಮೆಟ್ಟಿಲಿಳಿದರು.