ಥ್ಯಾಂಕ್ಸ್ ಅಂದರೆ ಎದ್ದು ಹೋಗಬೇಕೇನ್ರಿ?

ಇಂಗ್ಲಿಷ್ ಶಬ್ದದ ಅರ್ಥ ಪುಸ್ತಕದಲ್ಲಿ ಸಿಗುತ್ತದೆ. ಬಳಕೆ ಮಾತ್ರ ಆಯಾ ಊರಿನವರ ಕೈಯಲ್ಲಿ. ಈಗಲೂ ನೌಬಾದದ ಅಂಗಡಿಯಲ್ಲಿ ಯಾರಾದರೂ "ಥ್ಯಾಂಕ್ಸ್" ಅಂದರೆ, ಯಾರ ಸಂಬಂಧ ಮುರಿಯಿತೋ ಎಂದು ನಾನು ಹೊರಳಿ ನೋಡುತ್ತೇನೆ. ನಮ್ಮ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಚೇರಿಗಳಲ್ಲಿ ಈ ಶಬ್ದದ ಮಳೆ ಶುರುವಾಯಿತು. ನಾನಾಗ ಬಿ.ಎ. ಮುಗಿಸಿದ ಹೊಸ ಗುಮಾಸ್ತ. ಔರಾದದ ಒಂದು ಹುಡುಗಿಯನ್ನು ನನಗೆ ತೋರಿಸುವ ಮಾತು ನಡೆದಿತ್ತು. ನೆಂಟರ ಮದುವೆಯೊಂದರಲ್ಲಿ ಅವಳನ್ನು ದೂರದಿಂದ ಕಂಡವನು, ಮದುವೆಯಾದರೆ ಇವಳನ್ನೇ ಎಂದು ಒಳಗೊಳಗೇ ನಿಶ್ಚಯ ಮಾಡಿಕೊಂಡಿದ್ದೆ. ಆ ನಿಶ್ಚಯ ಈ ಒಂದು ಶಬ್ದದಿಂದ ಹಳ್ಳ ಹಿಡಿಯುವುದರಲ್ಲಿತ್ತು. ಇರಲಿ, ಮೊದಲು ಕಚೇರಿಯ ಕಥೆ.

ಸಾಹೇಬರ ಚಹಾ

ಬೀದರದ ನಮ್ಮ ಕಚೇರಿಗೆ ಮೈಸೂರಿನ ಕಡೆಯ ಸಾಹೇಬರೊಬ್ಬರು ಬಂದರು. ಬಹಳ ಮೆತ್ತಗಿನ ಮನುಷ್ಯ. ಮುದುಕ ಚಪರಾಸಿ ಚಹಾ ಇಟ್ಟರೆ ಥ್ಯಾಂಕ್ಸ್, ನೀರು ಕೊಟ್ಟರೆ ಥ್ಯಾಂಕ್ಸ್, ಕಿಟಕಿ ತೆಗೆದರೂ ಥ್ಯಾಂಕ್ಸ್. ಮಧ್ಯಾಹ್ನದ ಹೊತ್ತಿಗೆ ಚಪರಾಸಿ ಮುಖ ಬಾಡಿಸಿಕೊಂಡು ನನ್ನ ಹತ್ತಿರ ಬಂದ.

"ಬಾಬುಸಾಬ್ರ, ನನ್ನ ನೌಕರಿ ಹೋಯ್ತೇನ್ರಿ?"

"ಯಾಕ್ರಿ ಕಾಕಾ, ಏನಾಯ್ತು?"

"ನಿಜಾಮರ ಕಾಲದಿಂದ ಚಾಕರಿ ಮಾಡ್ಲಾಕತ್ತೀನ್ರಿ. ಎಲ್ಲಾ ಸಾಹೇಬ್ರೂ ಬೈದಾರ. ಬೈಯೋತನಕ ನೌಕರಿ ಗಟ್ಟಿ ಇರ್ತದ್ರಿ. ನಮ್ಮ ಮನಿತನದಾಗ ಸಾಹೇಬ್ರು ಶುಕ್ರಿಯಾ ಅಂದದ್ದು ಒಂದೇ ಸಲ, ನಮ್ಮಪ್ಪಗ. ಅಂವಾ ರಿಟೈರ್ ಆದ ದಿನ!"

ಸಂಗತಿಯನ್ನು ಸಾಹೇಬರಿಗೆ ತಿಳಿಸಿದೆ. ಪಾಪ, ಸಂಜೆ ಅವರು ಚಪರಾಸಿಯನ್ನು ಕರೆದು, ಬಹಳ ಕಷ್ಟಪಟ್ಟು, "ಇದೇನು ಚಹಾನೋ, ಕಲಗಚ್ಚೋ?" ಅಂದರು. ಆ ಮೈಸೂರಿನ ಶಬ್ದ ಮುದುಕನಿಗೆ ತಿಳಿಯಲಿಲ್ಲ. ಬೈದರು ಎಂಬುದಷ್ಟೇ ತಿಳಿಯಿತು. ಅವತ್ತು ಮನೆಗೆ ಹೋಗುವಾಗ ಪೇಡೆ ಒಯ್ದ.

ಭಾಲ್ಕಿಯ ಸಭೆ

ಭಾಲ್ಕಿಯ ಒಂದು ಶಾಲೆಯಲ್ಲಿ ಪ್ರತಿ ಸಭೆಯ ಕೊನೆಗೆ ಹೆಡ್‌ಮಾಸ್ತರರು ಎದ್ದು "ಥ್ಯಾಂಕ್ಸ್" ಹೇಳುವ ರೂಢಿ. ಅದು ಕಿವಿಗೆ ಬಿದ್ದರೆ ಜನ ಚಪ್ಪಲಿ ಹುಡುಕಲು ಏಳುತ್ತಿದ್ದರು. ಅಲ್ಲಿಗೆ ನಮ್ಮ ಸಾಹೇಬರೇ ಅತಿಥಿಯಾಗಿ ಹೋದರು, ಜೊತೆಗೆ ನಾನೂ. ಬರೆದುಕೊಂಡ ಉದ್ದದ ಭಾಷಣ ಕೈಯಲ್ಲಿ ಹಿಡಿದು, "ಮೊದಲಿಗೆ ನಿಮಗೆಲ್ಲ ಥ್ಯಾಂಕ್ಸ್" ಅಂದದ್ದೇ ತಡ, ಪೆಂಡಾಲು ಖಾಲಿ!

ಅವರಿಗೆ ಮುಜುಗರವಾಯಿತೆಂದು ನಾನು ಅಂದುಕೊಂಡರೆ, ಊರಿನ ಹಿರಿಯರು ಹೆಡ್‌ಮಾಸ್ತರರನ್ನು ಅಡ್ಡಗಟ್ಟಿ ಹೇಳುತ್ತಿದ್ದರು: "ಇಷ್ಟು ಛಲೋ ಭಾಷಣ ಎಂದೂ ಕೇಳಿದ್ದಿಲ್ರಿ. ಒಂದೇ ಮಾತಿನ್ಯಾಗ ಮುಗಿಸಿದ್ರು! ಮುಂದಿನ ವರ್ಷನೂ ಇವರನ್ನೇ ಕರೀರಿ."

ಔರಾದದ ಸುಸಲಾ

ಇಂಥ ಸಾಹೇಬರ ಸಂಗದಲ್ಲಿ ನನ್ನ ನಾಲಿಗೆಗೂ ಆ ಶಬ್ದ ಅಂಟಿಕೊಂಡಿತ್ತು. ಸೋದರಮಾವನ ಜೊತೆ ಬಸ್ಸು ಹತ್ತಿ ಔರಾದಕ್ಕೆ ಹೆಣ್ಣು ನೋಡಲು ಹೋದೆ. ಚುರಮುರಿ ನೆನೆಸಿ ಒಗ್ಗರಣೆ ಕೊಟ್ಟ ಸುಸಲಾ ಬಂತು, ತಿಂದೆ. ಮತ್ತೆ ಹಾಕಿದರು, ತಿಂದೆ. ಮತ್ತೂ ಹಾಕಿದರು. ಹೊರಡುವಾಗ ಹುಡುಗಿಯ ಅಪ್ಪನಿಗೆ ಕೈಮುಗಿದು, ಬಿ.ಎ. ಓದಿದವನ ಠೀವಿಯಲ್ಲಿ "ಥ್ಯಾಂಕ್ಸ್ ರೀ" ಅಂದುಬಿಟ್ಟೆ.

ಅವರ ಮುಖ ಸಣ್ಣದಾಯಿತು. ನಮ್ಮ ಕಡೆ ಸಂಬಂಧ ಬೇಡವಾದರೆ ಯಾರೂ ಬೇಡ ಅನ್ನುವುದಿಲ್ಲ. ಎರಡು ನಯದ ಮಾತಾಡಿ ಎದ್ದು ಬರುತ್ತಾರೆ.

"ಆಯ್ತು ಬಿಡ್ರಿ," ಎಂದರು ಮಾವನಿಗೆ, "ಋಣಾನುಬಂಧ ಇಲ್ಲ."

"ಹಂಗಲ್ರಿ, ಅದು ಇಂಗ್ಲಿಷ್‌ನಾಗ ಉಪಚಾರ..." ನಾನು ತೊದಲಿದೆ.

"ಉಪಚಾರ ಪರರಿಗಿ ಮಾಡ್ತಾರ್ರಿ. ನಮ್ಮವರು ಅನ್ನೋರು ಉಂಡು ತೇಗಿ ಹೋಗ್ತಾರ."

ಮಾವ ನನ್ನ ಕಾಲು ತುಳಿದು ಕಿವಿಯಲ್ಲಿ ಅಂದ: "ತೇಗೋ ಮಗನ, ಲಗೂ ತೇಗು!"

ತೇಗು ಬೇಕಾದಾಗ ಬರುತ್ತದೆಯೇ? ನಾನು ಗಂಟಲು ಉಬ್ಬಿಸಿ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಬಾಗಿಲ ಹಿಂದೆ ಹುಡುಗಿ ತಾಯಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು:

"ಯವ್ವಾ, ಬ್ಯಾಡ ಅನ್ನೋರು ಮೂರು ಸಲ ಸುಸಲಾ ಹಾಕಿಸ್ಕೋತಾರೇನು? ಡಬರಿ ಖಾಲಿ ಆಗ್ಯಾದ ನೋಡು!"

ಅವಳ ಅಪ್ಪ ಗಹಗಹಿಸಿ ನಕ್ಕರು. ಸಂಬಂಧ ಗಟ್ಟಿಯಾಯಿತು.

ಮೊನ್ನೆ ಅವಳು ಚಹಾ ತಂದಿಟ್ಟಾಗ ಬಾಯಿ ಜಾರಿ "ಥ್ಯಾಂಕ್ಸ್" ಅಂದೆ. ಚಹಾದ ಕಪ್ಪು-ಬಸಿ ಹಿಂದಕ್ಕೆ ಎತ್ತಿಕೊಂಡು ಕೇಳಿದಳು: "ಯಾಕ್ರಿ, ಮತ್ತ ಬ್ಯಾರೆ ಎಲ್ಲ್ಯಾರ ಹೆಣ್ಣು ನೋಡೀರೇನು?"