ಮುತ್ತಣ್ಣ ಕಾಕಾನ ಮೂರು ಕಡ್ಡಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ದೀಪಾವಳಿ ಮುಗಿದ ಮರುವಾರ, ಹರ್ತಿಯಲ್ಲಿ ಯಲ್ಲೇಶನೆಂಬ ಮದುಮಗನಿದ್ದ. ರಾಜಕುಮಾರರು ಏಳು ಸಮುದ್ರ ದಾಟಿ, ರಾಕ್ಷಸನನ್ನು ಕೊಂದು ಹೆಣ್ಣು ತರುತ್ತಿದ್ದರು. ಕನ್ನಡ ಮಾಸ್ತರನಾದ ಇವನಿಗೆ ಅಜ್ಜಿ ಗದಿಗೆವ್ವ ಒಪ್ಪಿಸಿದ್ದು ಒಂದೇ ಕೆಲಸ.

"ತಪ್ಪಿಲ್ಲದ ಲಗ್ನಪತ್ರಿಕಿ ಮಾಡಿಸ್ಕೊಂಡು ಬಾ. ದೀಪ ಹಚ್ಚೂದರೊಳಗ ಮೊದಲನೇದು ದೇವರ ಮುಂದ ಇಡಬೇಕು."

ಬೆಟಗೇರಿಯಲ್ಲಿ ಪ್ರೆಸ್ ಇಟ್ಟಿದ್ದ ಹಳೆಯ ವಿದ್ಯಾರ್ಥಿ ಮೊಹಸಿನ ಕರಡು ತೋರಿಸಿದಾಗ ಯಲ್ಲೇಶ ಕೆಂಪು ಪೆನ್ನು ತೆಗೆದ. ಅಲ್ಪವಿರಾಮಗಳು ಚುರುಮುರಿಯ ಶೇಂಗಾದಂತೆ ಎಲ್ಲೆಂದರಲ್ಲಿ ಬಿದ್ದಿದ್ದವು. ಕಾಕಾ ಮುತ್ತಣ್ಣನ ಹೆಸರಿನ ಮುಂದಂತೂ ಮೂರು ಆಶ್ಚರ್ಯಚಿಹ್ನೆ!

"ಕಾಕಾನ್ನ ನೋಡಿ ಯಾರಿಗೋ ಆಶ್ಚರ್ಯ? ಕಿತ್ತ ಒಗಿ," ಎಂದ. ತಿದ್ದಿದ ಕರಡನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ.

ಚಹಾ ಆರುವುದರೊಳಗೆ ಫೋನು ಬಡಿದುಕೊಂಡಿತು.

"ಲೇ ಯಲ್ಲ್ಯಾ, ನನ್ನ ಮೂರು ಕಡ್ಡಿ ಎಲ್ಲಿ ಹೋದ್ವು?" ಮುತ್ತಣ್ಣ ಗುಡುಗಿದ. "ನಿಮ್ಮಪ್ಪನ ಲಗ್ನಪತ್ರಿಕ್ಯಾಗೂ ಇದ್ವು. ಮರ್ಯಾದಿ ಅದು! ಅವು ಇಲ್ಲಂದ್ರ ನಾ ಬರಂಗಿಲ್ಲ."

"ಕಾಕಾ, ವ್ಯಾಕರಣದ ಪ್ರಕಾರ..."

"ವ್ಯಾಕರಣ ಬಂದು ನಿನ್ನ ತಲಿಮ್ಯಾಲ ಅಕ್ಕಿಕಾಳು ಒಗೀತೈತೇನು?"

ಯಲ್ಲೇಶ ಕಡ್ಡಿಗಳನ್ನು ಮರಳಿ ನೆಡಿಸಿದ. ಕೂಡಲೇ ಮುಂಡರಗಿಯಿಂದ ಅತ್ತೆ ಸಾವಿತ್ರೆವ್ವನ ಫೋನು: "ತಮ್ಮಗ ಮೂರು, ಅಕ್ಕಗ ಒಂದೂ ಇಲ್ಲ? ನಾ ಏನು ತಂಗಳ ರೊಟ್ಟಿಯೇನೋ? ನಾಕು ಹಾಕ್ಸು!" ಲಕ್ಷ್ಮೇಶ್ವರದ ಮಾವ ಸಕ್ರಪ್ಪ ಪ್ರಶ್ನೆಚಿಹ್ನೆಯನ್ನೇ ಬೇಡಿದ, ಅದು ರುಮಾಲು ಸುತ್ತಿದಂತೆ ಕಾಣುತ್ತಿತ್ತಂತೆ. ಯಲ್ಲೇಶ ಎಲ್ಲರಿಗೂ "ಹೂನ್ರಿ" ಎಂದ.

"ಜಾಗ ಸಾಲಂಗಿಲ್ರಿ ಸರ," ಎಂದ ಮೊಹಸಿನ. "ಒಂದು ಹೆಸರು ತಗೀಬೇಕು."

"ಸಿಟ್ಟಿಗೇಳದವರದು ಯಾವುದಾರ ನೋಡಿ ತಗಿಯೋ ಮಾರಾಯಾ, ಹೊತ್ತು ಮುಳಗಾಕ ಬಂತು!"

ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಕಾಕಾನ ಕಡ್ಡಿ, ಅತ್ತೆಯ ಕಡ್ಡಿ, ಮಾವನ ರುಮಾಲು ಇವಷ್ಟನ್ನೇ ನೋಡಿಕೊಂಡು ಯಲ್ಲೇಶ ಬೈಕು ಓಡಿಸಿದ.

ಅಜ್ಜಿ ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿ, ಆಮೇಲೆ ಕನ್ನಡಕ ಏರಿಸಿದಳು. "ಮದುಮಗಳು ಭಾಗ್ಯಾನ ಹೆಸರೈತಿ, ಮುತ್ತಣ್ಣಂದೂ ಐತಿ... ವರ ಎಲ್ಲದಾನೋ?"

ಯಲ್ಲೇಶನ ಬಾಯಿ ಜೋಳ ತುಂಬುವ ಹಗೇವಿನಂತೆ ತೆರೆಯಿತು. ಪ್ರೆಸ್ಸಿಗೆ ಫೋನು ಹಚ್ಚಿದ.

"ಶಾಲ್ಯಾಗೂ ಒಮ್ಮೆನೂ ಸಿಟ್ಟಾಗಿಲ್ಲರಿ ನೀವು," ಎಂದ ಮೊಹಸಿನ ಮೆತ್ತಗೆ. "ಎಲ್ಲಾರೊಳಗ ನೀವೊಬ್ರ ಸಿಕ್ಕ್ರಿ."

"ಆಯಿ, ಬ್ಯಾರೇದು ಮಾಡಸ್ತೀನಿ ಬೇ!" ಎಂದ ಯಲ್ಲೇಶ ಅಜ್ಜಿಗೆ.

"ಅರಿಶಿಣ ಹಚ್ಚಿದ್ದನ್ನ ಬದಲಿ ಮಾಡಬಾರದಪಾ. ಪತ್ರಿಕಿ ಕೊಡಾಕ ಮನಿ ಮನಿಗೂ ನೀನ ಹೋಗು. ವರ ನಾನ ಅಂತ ಹೇಳಿ ಬಾ."

ಅಜ್ಜಿ ದೀಪ ಹಚ್ಚಿ ಪತ್ರಿಕೆಯನ್ನು ದೇವರ ಮುಂದಿಟ್ಟಳು. ಇದ್ದ ಅಕ್ಷರಗಳಲ್ಲಿ ತಪ್ಪು ಒಂದೂ ಇರಲಿಲ್ಲ.