ಅಪ್ಪ ಬಿಟ್ಟುಹೋದ ಈಡು

ಬಾಳಾಸಾಬನ ಹೊಟ್ಟೆಗೆ ಬೆಂಕಿ ಬಿದ್ದದ್ದು ಭಾನುವಾರ ಬೆಳಿಗ್ಗೆ, ಅವನು ಚಹಾದ ಜೊತೆ ಖಾರದ ಚುರುಮುರಿ ಭಡಂಗ ತಿನ್ನುತ್ತಿದ್ದಾಗ. ಹಚ್ಚಿದವಳು ಐದನೆಯ ಇಯತ್ತೆಯಲ್ಲಿ ಓದುವ ಅವನ ಮಗಳು ಭಾಗ್ಯಾ.

"ಅಪ್ಪಾ, ಸಂಜಿಮುಂದ ನಾ ಹಸನಕಾಕಾನ ಜೋಡಿ ಬ್ಯಾಟಿಗಿ ಹೋಗಾಕಿ."

"ಬ್ಯಾಟಿ ಅಂದ್ರ ಏನ ಗೊತ್ತೈತೇನ ನಿನಗ?"

"ಗ್ವಾಂಜಾಳದ ಬೆಳಿಯಾಗಿನ ಹಂದಿ ಓಡಸೋದು. ಹಸನಕಾಕಾ ಗುಂಡ ಹಾಕಂಗಿಲ್ಲ, ಬರೇ ಮದ್ದಿನ ಸಪ್ಪಳಾ ಮಾಡ್ತಾನ. ನಾವೆಲ್ಲಾ ದೂರ ಒಡ್ಡಿನ ಮ್ಯಾಲ ಕುಂತ ನೋಡ್ತೀವಿ." ಇಷ್ಟು ಹೇಳಿ ಸುಮ್ಮನಾಗಿದ್ದರೆ ಚಹಾ ತಣ್ಣಗಾಗುತ್ತಿರಲಿಲ್ಲ. "ನಿನಗ ಬಂದೂಕ ಹೊಡ್ಯಾಕ ಬರಂಗಿಲ್ಲಲ್ಲ ಅಪ್ಪಾ, ಅದಕ್ಕ ಅವನ ಜೋಡಿ ಹೋಗ್ತೀನಿ," ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅಷ್ಟು ನಾಟುತ್ತಲೂ ಇರಲಿಲ್ಲ.

ಹಸನಸಾಬ ಮಂಗಸೂಳಿ ಊರ ಹೊರಗೆ ಬಾಳಾಸಾಬನ ಪಕ್ಕದ ಹೊಲದವನು, ಪಕ್ಕದ ಮನೆಯವನು. ಅವನ ಅಜ್ಜ ಸುತ್ತಲಿನ ಇನಾಮದಾರರಿಗೆಲ್ಲ ಮದ್ದು ತುಂಬಿ ಹೊಡೆಯುವ ಬಂದೂಕು ಮಾಡಿಕೊಡುತ್ತಿದ್ದನಂತೆ. ಈಗ ಅಂಥದ್ದನ್ನು ಮಾಡುವವರೂ ಇಲ್ಲ, ಮಾಡಿಸುವಷ್ಟು ಕಿಸೆ ಗಟ್ಟಿ ಇದ್ದವರೂ ಇಲ್ಲ. ಹಸನಸಾಬ ಗೇಟು, ಕುಂಟೆ ಬೆಸೆಯುತ್ತ, ಸರಕಾರದ ಪರವಾನಗಿ ಇಟ್ಟುಕೊಂಡು ಹಳೆಯ ಬಂದೂಕು ರಿಪೇರಿ ಮಾಡುತ್ತಾನೆ. ಅವನ ಕಟ್ಟೆಯ ಮೇಲೆ ಓಣಿಯ ಮಕ್ಕಳೆಲ್ಲ ಬೆಲ್ಲಕ್ಕೆ ನೊಣ ಮುತ್ತಿದಂತೆ ಮುತ್ತಿರುತ್ತಾರೆ.

ಹಸನಸಾಬನ ಕಬ್ಬು ತನ್ನ ಕಬ್ಬಿಗಿಂತ ದಪ್ಪ ಬಂದದ್ದನ್ನು ಬಾಳಾಸಾಬ ನುಂಗಿಕೊಂಡಿದ್ದ. ಅವನ ಎಮ್ಮೆ ಹೆಣ್ಣುಗರು ಹಾಕಿ ತನ್ನದು ಕೋಣ ಹಾಕಿದ್ದನ್ನೂ ದೇವರ ಆಟವೆಂದು ಸಹಿಸಿದ್ದ. ಹೆತ್ತ ಮಗಳೂ ಆ ಕಟ್ಟೆಗೇ ಹೋದರೆ ಹೇಗೆ ಸಹಿಸುವುದು?

ಅವನ ಮನೆಯಲ್ಲೇನು ಬಂದೂಕು ಇರಲಿಲ್ಲವೇ? ಒಳಕೋಣೆಯ ಗೋಡೆಗೆ ಅಪ್ಪನ ಬಂದೂಕು ತೂಗುಹಾಕಿತ್ತು. ಬೆಳೆ ಕಾಯುವುದಕ್ಕೆಂದು ಕೊಟ್ಟ ಲೈಸೆನ್ಸು ಅಪ್ಪ ಸತ್ತ ಮೇಲೆ ಬಾಳಾಸಾಬನ ಹೆಸರಿಗೆ ಬಂದಿತ್ತು. ಅವನು ಲೈಸೆನ್ಸು ನವೀಕರಿಸುತ್ತಿದ್ದನೇ ಹೊರತು ಬಂದೂಕು ಮುಟ್ಟಿರಲಿಲ್ಲ. ಹೋದ ವರ್ಷ ಹೊಸದು ಕೊಳ್ಳುವ ಹುಕಿ ಬಂದು ಬೆಳಗಾವಿಯ ಅಂಗಡಿಗೆ ಹೋಗಿ, ರೇಟು ಕೇಳಿ, ಅವರು ಕೊಟ್ಟ ಚಹಾ ಕುಡಿದು ವಾಪಸು ಬಂದಿದ್ದ. ಹಳೆಯದನ್ನೇ ಹಸನಸಾಬನ ಕೈಗೆ ಕೊಟ್ಟಿದ್ದರೆ ಅವನು ಪುಕ್ಕಟೆ ಸರಿಮಾಡಿ ಕೊಡುತ್ತಿದ್ದ. ಬಾಳಾಸಾಬನಿಗೆ ಜೀರ್ಣವಾಗದೆ ಇದ್ದದ್ದು ಆ ಪುಕ್ಕಟೆಯೇ.

ಇನ್ನೊಂದು ಅಡ್ಡಿಯೆಂದರೆ ಅವ್ವ ದುಂಡವ್ವ. ಆ ಬಂದೂಕಿಗೆ ಯಾರೂ ಕೈಹಚ್ಚುವಂತಿರಲಿಲ್ಲ. ದಸರೆಯ ಖಂಡೇಪೂಜೆಯ ದಿನವೂ ತಾನೇ ಒರೆಸಿ, ತಾನೇ ಕುಂಕುಮ ಹಚ್ಚಿ, ತಾನೇ ಮತ್ತೆ ಗೂಟಕ್ಕೆ ಹಾಕುವಳು. ಕೇಳಿದರೆ, "ಅದರಾಗ ನಿಮ್ಮಪ್ಪನ ಜೀವ ಐತಿ," ಎನ್ನುವಳು. ಪುಣ್ಯಕ್ಕೆ ಅವಳು ರಾಯಬಾಗದ ಮಗಳ ಮನೆಗೆ ಹೋಗಿದ್ದಳು, ಸಂಜೆಯ ಬಸ್ಸಿಗೆ ಬರುವವಳಿದ್ದಳು.

ಬಾಳಾಸಾಬ ಬಂದೂಕು ಇಳಿಸಿದ. "ಅತ್ತಿ ಬರೂತನಕಾ ತಡೀರಿ," ಎಂದಳು ಹೆಂಡತಿ ನೀಲಮ.

"ಇದ ನಮ್ಮಪ್ಪಂದು. ನಿಮ್ಮ ಅತ್ತೀದಲ್ಲ," ಎಂದು ಅವನು ಅಂಗಳಕ್ಕೆ ಬಂದ.

ಬಂದೂಕು ಅಂಗಳಕ್ಕೆ ಬಂದರೆ ಓಣಿಯ ಗೆಳೆಯ ಕಾಡಸಿದ್ದ ಬಾರದೆ ಇರುತ್ತಾನೆಯೇ? ಹೊಗೆ ಕಂಡಲ್ಲಿ ಚಿಮಣಿ ಎಣ್ಣೆ ಒಯ್ಯುವ ಜಾತಿಯವನು ಅವನು. ಬಂದವನೇ ನಳಿಗೆಯ ಕೆಳಗೆ ಸಿಕ್ಕಿಸಿದ್ದ ಗಜವನ್ನು, ಅಂದರೆ ಮದ್ದು ಗಿಡಿಯುವ ಉದ್ದ ಕಡ್ಡಿಯನ್ನು, ಎಳೆದು ನಳಿಗೆಯ ಬಾಯಿಯಲ್ಲಿ ಇಳಿಬಿಟ್ಟ. ಬರಿದಾಗಿದ್ದರೆ ಅದು ಟಣ್ಣೆಂದು ತಳ ಮುಟ್ಟಬೇಕಿತ್ತು. ಅದು ಸದ್ದಿಲ್ಲದೆ ಮೆತ್ತಗೆ ನಿಂತಿತು. ಗೇಣುದ್ದ ಕಡ್ಡಿ ಹೊರಗೇ ಉಳಿಯಿತು.

"ಲೇ ಬಾಳ್ಯಾ, ಒಳಗ ಈಡ ಐತಿ. ನಿಮ್ಮಪ್ಪ ತುಂಬಿ ಇಟ್ಟ ಹೋಗ್ಯಾನ."

ಬಾಳಾಸಾಬನ ಕಣ್ಣು ತುಂಬಿ ಬಂದವು. ಅವ್ವ ಹೇಳುತ್ತಿದ್ದ ಜೀವ ಇದೇ ಇರಬೇಕು. ಅಪ್ಪ ಕೈಯಾರೆ ತುಂಬಿದ ಮದ್ದಿನ ಈಡು, ಅದೂ ಕವಡೆ ಖರ್ಚಿಲ್ಲದೆ! ಮದ್ದಿಗೆ ಕಿಡಿ ತಾಗಿಸುವ ಒಂದು ಕೇಪು ಸಿಕ್ಕರೆ ಸಾಕಿತ್ತು. ಕೇಪು ಇದ್ದದ್ದು ಹಸನಸಾಬನ ಹತ್ತಿರ ಮಾತ್ರ.

"ನೀ ಹೋಗಿ ಇಸಗೊಂಡ ಬಾ. ನನ್ನ ಹೆಸರ ಎತ್ತಬ್ಯಾಡ," ಎಂದ ಬಾಳಾಸಾಬ.

ಕಾಡಸಿದ್ದ ಕೇಪಿನ ಜೊತೆ ಒಂದು ನಿರೋಪವನ್ನೂ ತಂದ. "ಹಸನಸಾಬ ಅಂದಾ, 'ಬಾಳಾಸಾಬರಿಗಿ ಹೇಳ್ರಿ, ಮದಲ ಗಜಾ ಇಳಿಬಿಟ್ಟ ನೋಡ್ರಿ ಅಂತ. ಒಳಗ ಏನರ ಇದ್ರ ನನ್ನ ಕಡೆ ತರ್ರಿ, ತಗದ ಕೊಡ್ತೀನಿ. ಹಂಗ ಹೊಡೀಬ್ಯಾಡ್ರಿ.'"

"ನನ್ನ ಹೆಸರ ಹೇಳಿದಿ ಹೌದಿಲ್ಲೋ?"

"ಇಲ್ಲಪಾ. ಊರಿಗೆಲ್ಲಾ ಗೊತ್ತಾಗೈತಿ, ನಾ ಯಾಕ ಹೇಳ್ಲಿ?"

ಹಸನಸಾಬ ಹೇಳಿದ್ದು ಸರಿಯೆಂದು ಬಾಳಾಸಾಬನಿಗೂ ಗೊತ್ತಿತ್ತು. ಸರಿಯಾದ ಮಾತು ಹಸನಸಾಬನ ಬಾಯಿಂದ ಬಂದದ್ದೇ ತಪ್ಪಾಗಿತ್ತು. "ನಮ್ಮಪ್ಪನ ಈಡ ತಗ್ಯಾಕ ಅಂವಾ ಯಾರ?" ಎಂದು ಹಲ್ಲು ಕಡಿದ.

ಸಂಜೆ ಹಸನಸಾಬನ ಗೋವಿನಜೋಳದ ಒಡ್ಡಿನ ಮೇಲೆ ಮಕ್ಕಳ ಸಾಲು ಕೂತಿತ್ತು. ತಲೆಗೆ ಅಪ್ಪನ ಕಾಲದ ಪಟಕಾ ಸುತ್ತಿ, ಹೆಗಲಿಗೆ ಬಂದೂಕು ಏರಿಸಿ ಬಾಳಾಸಾಬ ಬಂದ. ಪಟಕಾ ದೊಡ್ಡದಾಗಿ ಹೆಜ್ಜೆಗೊಮ್ಮೆ ಕಣ್ಣಿನ ಮೇಲೆ ಜಾರುತ್ತಿತ್ತು. ಆದರೂ ಭಾಗ್ಯಾ ಪಕ್ಕದ ಹುಡುಗಿಯನ್ನು ತಿವಿದು, "ನಮ್ಮಪ್ಪ," ಎಂದಳು. ಆ ಒಂದು ಮಾತಿಗೆ ಅವನು ತೋಪನ್ನೇ ಹೊತ್ತು ತರುತ್ತಿದ್ದ.

ಹಸನಸಾಬ ಎದ್ದು ಬಂದು ಮೆಲ್ಲಗೆ ಕೇಳಿದ: "ಬಾಳಾಸಾಬರ, ಗಜಾ ಇಳಿಬಿಟ್ಟಿದ್ರಿ?"

"ಬಿಟ್ಟಿದ್ನಿ. ನಮ್ಮಪ್ಪನ ಈಡ ಐತಿ ಒಳಗ."

"ಹಳೇ ಈಡಿನ ಭರೋಸಾ ಇಲ್ರಿ. ಇಲ್ಲಿ ಕೊಡ್ರಿ, ಒಂದ ತಾಸಿನ ಕೆಲಸ. ನಾಳೆ ನೀವ ಹೊಡೀರಿ."

ಕೊಡುವುದು? ಮಗಳು ನೋಡುತ್ತಿರುವಾಗ? "ನಿಮ್ಮ ಬಂದೂಕಿನ ಕಾಳಜಿ ನೀವ ಮಾಡ್ರಿ," ಎಂದ ಬಾಳಾಸಾಬ. ಹಸನಸಾಬ ಮಕ್ಕಳನ್ನೆಲ್ಲ ಎಬ್ಬಿಸಿ ದೂರದ ಬೇವಿನಮರದ ಹಿಂದೆ ಕೂರಿಸಿದ.

ಜೋಳದ ದಂಟು ಅಲುಗಿದವು. ಬಾಳಾಸಾಬ ಕೇಪು ಕೂರಿಸಿ, ಬೆಳೆಯ ತುದಿಯ ಮೇಲೆ ಹಾಯುವಂತೆ ನಳಿಗೆ ಎತ್ತಿ, ಕಣ್ಣು ಮುಚ್ಚಿ ಬಂದೂಕಿನ ಕುದುರೆ ಎಳೆದ.

ಢಂ ಎಂದ ಸದ್ದು ಶೇಡಬಾಳಕ್ಕೂ ಕೇಳಿಸಿರಬೇಕು. ಬಂದೂಕು ಹೇಸರಗತ್ತೆಯಂತೆ ಒದೆಯಿತು. ಬಾಳಾಸಾಬ ಹಿಂದಕ್ಕೆ ಹಾರಿ ಕಾಲುವೆಯ ರಾಡಿಯಲ್ಲಿ ಬಿದ್ದ. ಹಂದಿಗಳು ದಿಕ್ಕಾಪಾಲಾಗಿ ಓಡಿದವು.

"ಅಪ್ಪಾ," ಎಂದು ಓಡಿಬಂದ ಭಾಗ್ಯಾ ರಾಡಿಯ ಸಮೇತ ಅವನನ್ನು ತಬ್ಬಿಕೊಂಡಳು. "ಎಷ್ಟ ಚೆಂದ ಹಳದಿ ಕಿಡಿ ಹಾರಿದ್ವು, ಹೂಬಾಣದಂಗ. ಹಸನಕಾಕಾನ ಬಂದೂಕಿನಾಗ ಬರೇ ಹೊಗಿ ಬರ್ತೈತಿ."

ಬಾಳಾಸಾಬನಿಗೆ ಭುಜದ ನೋವು ಗೊತ್ತಾಗಲಿಲ್ಲ. ಹಸನಸಾಬ ಕೈಕೊಟ್ಟು ಎಬ್ಬಿಸಿ, "ಭೇಷ್ ಬಾಳಾಸಾಬರ," ಎಂದಾಗ ಅವನ ಕಬ್ಬು ಕೂಡ ಅಷ್ಟೇನೂ ದಪ್ಪವಿಲ್ಲ ಎನ್ನಿಸಿತು. ಎಷ್ಟೋ ವರ್ಷಗಳ ಹೊಟ್ಟೆಯುರಿ ಒಂದು ಈಡಿಗೆ ತಣ್ಣಗಾಗಿತ್ತು.

ಅಷ್ಟರಲ್ಲಿ ಬಸ್ಸಿಳಿದ ದುಂಡವ್ವ ಕೈಚೀಲ ಹಿಡಿದು ಒಡ್ಡು ಹತ್ತಿ ಬಂದಳು. "ಯಾರೋ ಈಡ ಹೊಡದಾವ್ರು?"

"ನಾನ ಅವ್ವಾ," ಎಂದ ಬಾಳಾಸಾಬ ಎದೆ ಉಬ್ಬಿಸಿ. "ಅಪ್ಪ ತುಂಬಿ ಇಟ್ಟ ಹೋಗಿದ್ನಲ್ಲ, ಆ ಈಡ."

ದುಂಡವ್ವ ಬಂದೂಕು ಕಸಿದುಕೊಂಡು, ನಳಿಗೆಯ ಬಾಯಿಗೆ ಬೆರಳು ಹಾಕಿ ನೋಡಿ, ಅಲ್ಲೇ ಒಡ್ಡಿನ ಮೇಲೆ ಕುಸಿದಳು.

"ನಿಮ್ಮಪ್ಪ ಮದ್ದ ತುಂಬಿದ್ದು ನನಗೇನ ಗೊತ್ತೋ. ಅದರ ಮ್ಯಾಲ ನಾ ನನ್ನ ಬೋರಮಾಳ ಇಟ್ಟಿದ್ನಿ. ಅರಿವ್ಯಾಗ ಸುತ್ತಿ, ಗಜದಿಂದ ಒಳಗ ಗಿಡಿದ ಇಟ್ಟಿದ್ನಿ. ಭಾಗ್ಯಾನ ಲಗ್ನಕ್ಕ ಅಂತ."

ಬೋರಮಾಳವೆಂದರೆ ಬೋರೆಹಣ್ಣಿನ ಆಕಾರದ ಬಂಗಾರದ ಮಣಿಗಳ ಸರ. ಒಂದು ಕೊರಳು ತುಂಬುವಷ್ಟು ಬಂಗಾರ ಈಗ ಹಸನಸಾಬನ ಹೊಲದ ತುಂಬ ಬಿತ್ತನೆಯಾಗಿತ್ತು.

"ಬಂದೂಕಿನಾಗ ಯಾರರ ಬಂಗಾರ ಇಡತಾರೇನಬೇ?" ಎಂದ ಬಾಳಾಸಾಬ.

"ಕಳ್ಳರು ಕಪಾಟ ನೋಡತಾರ, ಹಾಸಗಿ ನೋಡತಾರ. ಬಂದೂಕಿನ ಬಾಯಾಗ ಯಾರ ನೋಡತಾರ ಅಂತ ಇಟ್ನಿ. ಕಳ್ಳರಿಗಿ ಹೆದರಿದ್ನಿ, ಮಗನಿಗಿ ಹೆದರಬೇಕ ಅಂತ ತಿಳೀಲಿಲ್ಲ."

"ನಾ ಮದಲ ಹೇಳಿದ್ನಿ, ಒಳಗ ಏನೋ ಐತಿ ಅಂತ," ಎಂದ ಕಾಡಸಿದ್ದ.

ಹಸನಸಾಬ ಹೊಲದ ಉದ್ದಕ್ಕೂ ಕಣ್ಣಾಡಿಸಿದ. "ನಮ್ಮ ಮುತ್ಯಾ ಎಂತೆಂಥಾ ಇನಾಮದಾರರಿಗಿ ಬಂದೂಕ ಮಾಡಿ ಕೊಟ್ಟಾನ," ಎಂದ. "ಅವರ್ಯಾರಿಗೂ ಇಷ್ಟ ತುಟ್ಟಿ ಈಡ ಹೊಡ್ಯಾಕ ಆಗಿಲ್ಲ ನೋಡ್ರಿ." ಆಮೇಲೆ ಮಕ್ಕಳ ಕಡೆ ತಿರುಗಿದ. "ಬರ್ರಿ ಎಲ್ಲಾರೂ, ಬೆಳಕ ಇರೂದರಾಗ ಹುಡುಕೂಣು. ಖರೇ ಬ್ಯಾಟಿ ಈಗ ಐತಿ. ಸಾಲಿಗೊಬ್ಬರು, ಸಾವಕಾಶ, ನೆಲಾ ನೋಡಕೋತ."

ಮಕ್ಕಳು ಜೋಳದ ಸಾಲುಗಳಲ್ಲಿ ಬೆನ್ನು ಬಗ್ಗಿಸಿ ಹೊರಟರು. ಬಾಳಾಸಾಬನೂ ಅವರ ಹಿಂದೆ ಹೊರಟ.

"ನೀ ಕುಂಡರ," ಎಂದಳು ದುಂಡವ್ವ. "ಉಳದದ್ದನ್ನ ತುಳದ ಮಣ್ಣಾಗ ಹುಗಿಯಬ್ಯಾಡ."

ಅವನು ಕೂತ. ಭುಜ ಈಗ ನೋಯತೊಡಗಿತ್ತು. ಅವ್ವನ ಕೈಯಿಂದ ಜಾರಿದ್ದ ಬರಿದಾದ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡ.

ಸ್ವಲ್ಪ ಹೊತ್ತಿಗೆ ಜೋಳದೊಳಗಿಂದ ಭಾಗ್ಯಾ ಓಡಿಬಂದಳು. ಮುಷ್ಟಿ ಬಿಗಿದಿತ್ತು, ಮುಖ ಅರಳಿತ್ತು. ಬಾಳಾಸಾಬ ನೋವಿಲ್ಲದ ಕೈಯನ್ನು ಅವಳತ್ತ ಚಾಚಿದ.

ಅವಳು ಅವನ ಕೈಯ ಪಕ್ಕದಲ್ಲೇ ಹಾದು ಮುಂದೆ ಓಡಿದಳು. "ಹಸನಕಾಕಾ, ಮದಲನೇ ಬ್ಯಾಟಿ ನಂದ ನೋಡು."

ಬಾಳಾಸಾಬ ಚಾಚಿದ ಕೈಯನ್ನು ಹಾಗೇ ಮೇಲಕ್ಕೆತ್ತಿ, ಕಣ್ಣಿನ ಮೇಲೆ ಜಾರಿದ್ದ ಪಟಕಾ ಸರಿಮಾಡಿಕೊಂಡ.